ಬಾಗಿಲ ಮುಂದೆ ನಿಂತವರು

ಅಪಾರ್ಟ್‌ಮೆಂಟಿನ ಗೇಟಿನ ಯಂತ್ರ ಬೀಗ ರಿಪೇರಿ ಮಾಡುವ ಬೀಗದಕ್ಕನ ಮುಖ ನೋಡಿದ್ದೇ ತಡ, ಕೀಂ ಎಂದು ಅರಚಿಕೊಂಡಿತು. ಹಸಿರು ದೀಪ ಹತ್ತಬೇಕಾದಲ್ಲಿ ಕೆಂಪು ಹತ್ತಿತು, ಗೇಟು ಅಲುಗಲಿಲ್ಲ. ಮೇಲೆ ಏಳನೆಯ ಮಹಡಿಯಲ್ಲಿ ಎರಡು ವರ್ಷದ ಮಗು ಮನೆಯ ಒಳಗೆ, ಅದರ ತಾಯಿ ಹೊರಗೆ, ಉರಿಯುವ ಒಲೆಯ ಮೇಲೆ ಹಾಲು. ಕಸದ ಚೀಲ ಇಡಲೆಂದು ತಾಯಿ ಹೊಸಿಲು ದಾಟಿದ್ದಷ್ಟೇ, ಗಾಳಿಗೆ ಬಾಗಿಲು ಧಡಾರನೆ ಮುಚ್ಚಿ ತಾನಾಗಿ ಬೀಗ ಬಿದ್ದಿತ್ತು. ಕೈಯಲ್ಲಿ ಮೊಬೈಲ್ ಇದ್ದದ್ದು ಪುಣ್ಯ. "ಅಕ್ಕಾ, ಬೇಗ ಬನ್ನಿ" ಎಂದು ಅವಳು ಅತ್ತದ್ದು ಕೇಳಿ, ಅರ್ಧ ಕೊರೆದ ಕೀಲಿಯನ್ನು ಅಂಗಡಿಯಲ್ಲೇ ಬಿಟ್ಟು ಬೀಗದಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಿದ್ದಳು.

"ತೆಗಿ ಅಣ್ಣ, ಬೇಗ!"

ಕಾವಲಿನವನು ಗುಂಡಿಯನ್ನು ಒತ್ತಿ ಒತ್ತಿ ಸೋತ. "ಆಗ್ತಿಲ್ಲ ಅಕ್ಕ. ಆಯಮ್ಮ ಮೇಲಿಂದ ಒಪ್ಪಿಗೆ ಕಳಿಸಿದ್ದಾರೆ, ಆದ್ರೂ ಬಿಡ್ತಿಲ್ಲ. ನಿಮ್ಮನ್ನ ಅಪಾಯದ ಪಟ್ಟಿಗೆ ಹಾಕಿದೆ."

"ಯಾರಪ್ಪಾ ಹಾಕಿದ್ದು?"

"ಯಾರೂ ಇಲ್ಲ. ಇದೇ ಹಾಕ್ಕೊಂಡಿದೆ."

ಗಲಾಟೆ ಕೇಳಿ ಆಫೀಸು ಕೋಣೆಯಿಂದ ಕಟ್ಟಡದ ಕಾರ್ಯದರ್ಶಿ ಹೊರಬಂದ. ಹೊಸ ಕ್ಯಾಮೆರಾಗಳನ್ನು ಹಾಕಿಸಿದವನು ಅವನೇ. ಹೆತ್ತ ಮಕ್ಕಳ ವಿಷಯ ಹೇಳುವಷ್ಟು ಹೆಮ್ಮೆಯಿಂದ ಅವುಗಳ ವಿಷಯ ಹೇಳುತ್ತಿದ್ದ. ಕಾವಲಿನವನ ಪರದೆಯನ್ನು ತನ್ನತ್ತ ತಿರುಗಿಸಿಕೊಂಡು ಓದಿದ. "ಒಂದು ವರ್ಷದಲ್ಲಿ ಬಾಗಿಲುಗಳ ಮುಂದೆ ನಿಂತಿದ್ದು ನಲವತ್ತೊಂದು ಸಲ. ಬೀಗದ ಮೇಲೆ ಕೈ ಹಾಕಿದ್ದು ನೂರ ಇಪ್ಪತ್ತಮೂರು ಸಲ. ಪ್ರತಿ ಸಲಾನೂ ಕೈಯಲ್ಲಿ ಕಬ್ಬಿಣದ ಸಾಮಾನು. ಯಂತ್ರಕ್ಕೆ ಅನುಮಾನ ಬರದೆ ಇರುತ್ತಾ?"

ಬೀಗದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೀಗ ತೆಗೆದವರು ಅದನ್ನು ಮೂರು ಸಲ ಹಾಕಿ, ಮೂರು ಸಲ ತೆಗೆದು ತೋರಿಸಿಯೇ ಆ ಮನೆಯಿಂದ ಹೊರಡಬೇಕೆಂಬುದು ಅವಳ ಅಪ್ಪ ಕಲಿಸಿದ ಪಾಠ. ಮೂವತ್ತು ವರ್ಷದಿಂದ ಅದನ್ನು ತಪ್ಪದೆ ಪಾಲಿಸಿದ್ದಳು. ಈಗ ನೋಡಿದರೆ ಆ ನಿಯತ್ತೇ ಮೂರು ಪಟ್ಟು ಅಪರಾಧವಾಗಿ ದಾಖಲಾಗಿ ಕೂತಿದೆ!

"ಸ್ವಾಮಿ, ನಾನು ಬೀಗ ರಿಪೇರಿಯವಳು. ಬಾಗಿಲ ಮುಂದೆ ನಿಲ್ಲದೆ ಬಾವಿಕಟ್ಟೆ ಮೇಲೆ ನಿಲ್ಲಲಾ? ಆ ನಲವತ್ತೊಂದು ಸಲಾನೂ ಮನೆಯವ್ರು ಅವರಾಗಿ ಕರೆದಿದ್ದಕ್ಕೇ ನಾನು ಬಂದಿದ್ದು."

"ಅದ್ರಲ್ಲಿ ಎರಡು ಸಲ ನಿಮ್ಮ ಮನೆಗೇ ಸರ್," ಎಂದ ಕಾವಲಿನವನು ಮೆಲ್ಲಗೆ.

"ನಾನೇನು ಇವರನ್ನ ಕಳ್ಳಿ ಅಂದ್ನಾ?" ಕಾರ್ಯದರ್ಶಿಯ ದನಿ ಬೆಣ್ಣೆಯಂತಿತ್ತು. "ಕಳ್ಳತನ ಆಗಿದೆ ಅಂತ ಅಲ್ಲಮ್ಮ, ಆಗಬಹುದು ಅಂತ ಅಷ್ಟೇ. ಯಂತ್ರಕ್ಕೆ ನಿಮ್ಮ ಮೇಲೆ ಯಾವ ದ್ವೇಷಾನೂ ಇಲ್ಲ. ಒಂದು ಅರ್ಜಿ ಕೊಡಿ, ಏಳು ದಿನದಲ್ಲಿ ಪರಿಶೀಲನೆ ಮಾಡ್ತಾರೆ."

"ಒಲೆ ಮೇಲಿನ ಹಾಲು ಏಳು ದಿನ ಕಾಯುತ್ತಾ?"

ಅವನು ಬೇರೆ ಯಾರನ್ನಾದರೂ ಕರೆಸೋಣವೆಂದು ಮೊಬೈಲಿನಲ್ಲಿ ನಂಬರು ಹುಡುಕತೊಡಗಿದ. ಮಗು ಒಳಗೆ ಬೇಯುತ್ತಿರುವಾಗ ಈ ಮಹಾಶಯ ಮೀನಮೇಷ ಎಣಿಸುತ್ತಿದ್ದಾನೆ! ಪಕ್ಕದಲ್ಲಿ ಸೈಕಲ್ಲಿನವರಿಗೆಂದು ಒಂದು ಸಣ್ಣ ಗೇಟಿತ್ತು, ಅದಕ್ಕೊಂದು ಹಿತ್ತಾಳೆಯ ಬೀಗ. ಬೀಗದಕ್ಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಎರಡು ಬಾಗಿದ ಕಡ್ಡಿ ತೆಗೆದಳು.

"ಏಯ್, ಏನ್ಮಾಡ್ತಿದ್ದೀಯ? ಕ್ಯಾಮೆರಾ ನೋಡ್ತಾ ಇದೆ!"

"ನೋಡ್ಲಿ ಬಿಡಿ. ಇಷ್ಟು ದಿನ ಮಾಡದೇ ಇರೋದನ್ನ ಬರ್ಕೊಂಡಿದೆ, ಇವತ್ತು ಮಾಡಿದ್ದೊಂದನ್ನ ಬರ್ಕೊಳ್ಲಿ."

ಬೀಗ ಕಳಚಿ ಕೈಗೆ ಬಂತು. ಜೀವಮಾನದಲ್ಲಿ ಯಾರೂ ಕರೆಯದೆ ಅವಳು ತೆಗೆದ ಮೊದಲ ಬೀಗ ಅದು. ಅವಳು ಲಿಫ್ಟಿನತ್ತ ಓಡಿದಳು. ಹಿಂದೆಯೇ ಏದುಸಿರು ಬಿಡುತ್ತ ಕಾರ್ಯದರ್ಶಿಯೂ ಓಡಿದ.

ಏಳನೆಯ ಮಹಡಿಯ ಕಾರಿಡಾರಿನಲ್ಲಿ ಸೀದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ತಾಯಿ ಬಾಗಿಲಿನ ಕೆಳಸಂದಿಗೆ ಬಾಯಿಟ್ಟು, "ಅಲ್ಲೇ ಕೂತ್ಕೋ ಚಿನ್ನ, ಅಡುಗೆಮನೆಗೆ ಹೋಗ್ಬೇಡ" ಎಂದು ಹೇಳುತ್ತಲೇ ಇದ್ದಳು. ಒಳಗಿನ ಕೆಮ್ಮು ಹೊರಗೆ ಕೇಳುತ್ತಿತ್ತು. ಬೀಗದಕ್ಕ ತೆಳು ತಗಡನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ತೂರಿಸಿ, ಭುಜದಿಂದ ಒಮ್ಮೆ ನೂಕಿದಳು. ಬಾಗಿಲು ತೆರೆಯಿತು, ಹೊಗೆ ಹೊರಬಿತ್ತು. ಮಗು ಮೂಗು ಕಣ್ಣು ಒಂದಾಗುವಂತೆ ಅಳುತ್ತ ತಾಯಿಯ ಕೊರಳಿಗೆ ಜೋತುಬಿತ್ತು. ಬೀಗದಕ್ಕ ಒಳಗೆ ಹೋಗಿ ಒಲೆ ಆರಿಸಿ, ಕಿಟಕಿ ತೆರೆದು ಬಂದಳು.

ಲಿಫ್ಟು ಮತ್ತೆ ಬಂತು. ಇಬ್ಬರು ಪೊಲೀಸರು ಹೊರಬಂದರು. "ಬಾಗಿಲು ಒಡೀತಿದ್ದ ಹೆಂಗಸೆಲ್ಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿಯವಳಲ್ಲ ಬೀಗದಕ್ಕ. ಆದರೆ ಇವತ್ತು ಗೇಟಿನ ಬೀಗ ತೆಗೆದದ್ದು ಸುಳ್ಳಲ್ಲವಲ್ಲ. ಎರಡೂ ಕೈ ಮುಂದೆ ಚಾಚಿದಳು. "ನಾನೇ, ನಡೀರಿ."

ಪೇದೆ ತನ್ನ ಮೊಬೈಲ್ ನೋಡಿದ, ಅವಳನ್ನು ನೋಡಿದ. "ನೀನಲ್ಲಮ್ಮ" ಎಂದು, ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಕಡೆ ತಿರುಗಿದ. ಮೊಬೈಲಿನ ಚಿತ್ರದಲ್ಲಿ ಅವಳೇ ಇದ್ದಳು. ಹಣೆಯನ್ನು ತನ್ನ ಮನೆಯ ಬಾಗಿಲಿಗೊತ್ತಿ, ಎರಡೂ ಮುಷ್ಟಿಯಿಂದ ಬಡಿಯುತ್ತಿದ್ದಳು. ಚಿತ್ರ ತೆಗೆದು ಇಪ್ಪತ್ತೈದು ನಿಮಿಷವಾಗಿತ್ತು.

"ಇದನ್ನ ಕಳಿಸಿದ್ದು ನೀವೇ ಅಲ್ವಾ ಸರ್?" ಎಂದ ಪೇದೆ.

ಆರು ವರ್ಷದಿಂದ ಅದೇ ಮಹಡಿಯಲ್ಲಿ, ಎದುರು ಬಾಗಿಲಲ್ಲೇ ವಾಸವಿದ್ದ ಕಾರ್ಯದರ್ಶಿ ಚಿತ್ರವನ್ನು ನೋಡಿದ, ಆಕೆಯನ್ನು ನೋಡಿದ.

"ಪೊಲೀಸರಿಗೆ ತಿಳಿಸಲಾ ಅಂತ ಯಂತ್ರ ಕೇಳ್ತು, ಹೌದು ಅಂತ ಒತ್ತಿದೆ," ಎಂದ. "ಮುಖ ನೋಡ್ಲಿಲ್ಲ."