ಗೋಡೆಯಾಚೆ ಬಿದ್ದ ಇಲಿ

ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಇಂದಿಗೂ ತಡಸ ಊರಿನ ನಮ್ಮ ಅಡಿಗೆಮನೆಯೇ ನೆನಪಾಗುತ್ತದೆ.

ಅಂದು ಮಧ್ಯಾಹ್ನ ನಾನು ಒಲೆಯ ಮುಂದೆ ಕುಳಿತಿದ್ದಾಗ ಅಟ್ಟದಿಂದ ಒಂದು ಇಲಿ ಸತ್ತು ಕೆಳಗೆ ಬಿತ್ತು. ಮೂತಿಯ ಮೇಲೆ ಒಂದು ಹನಿ ನೆತ್ತರಿತ್ತು. ಆ ಕಾಲದಲ್ಲಿ ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ. ಓಣಿಗೆಲ್ಲ ತಿಳಿಸಿ, ಮನೆ ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕಿತ್ತು. ಆದರೆ ಅಕ್ಕನ ಮೈಗೆ ಆಗಷ್ಟೇ ಮದುವೆಯ ಅರಿಷಿಣ ಹಚ್ಚಿದ್ದರು.

“ಎಲ್ಲಾರೂ ಸುಮ್ನಿರ್ರಿ,” ಎಂದಳು ಅಜ್ಜಿ. ಕಣ್ಣು ನನ್ನ ಮೇಲಿತ್ತು. “ಸವಣೂರಿನ ಬೀಗರಿಗೆ ಗೊತ್ತಾದ್ರ ಮದುವಿ ಮುರೀತೈತಿ.”

ಅವ್ವ ಇಲಿಯನ್ನು ಹಳೆಯ ಮೊರದಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಗೋಡೆಯಾಚೆ ಒಂಟಿಯಾಗಿದ್ದ ಗಂಗವ್ವನ ಅಂಗಳ. ಅವ್ವ ಮರಳಿ ಬಂದಾಗ ಮೊರ ಬರಿದಾಗಿತ್ತು. ಅಜ್ಜಿ ಅದಕ್ಕೂ ನೆಲಕ್ಕೂ ಸೀಮೆಎಣ್ಣೆ ಸುರಿದು ತಿಕ್ಕಿ ತಿಕ್ಕಿ ಒರೆಸಿದಳು.

ಹೊತ್ತು ಇಳಿಯುವಾಗ ಗಂಗವ್ವ ತಲೆಯ ಮೇಲೆ ಗಂಟು ಹೊತ್ತು ಬೀದಿಗಿಳಿದಳು. ನಮ್ಮ ಮದುವೆಯ ಹಂದರದ ಹತ್ತಿರ ಬರದೆ ದೂರದಲ್ಲೇ ನಿಂತಳು.

“ನಮ್ಮನ್ಯಾಗ ಇಲಿ ಬಿದ್ದೈತವ್ವಾ. ನಿಮ್ಮ ಮದುವಿಗಂತ ಹೊಸೆದ ಶಾವಿಗಿ ಅಲ್ಲೇ ಬಿಟ್ಟೇನಿ, ಯಾರೂ ಮುಟ್ಟಬ್ಯಾಡ್ರಿ. ಕೂಸಿಗೆ ಅರಿಷಿಣ ಹಚ್ಚೀರಿ. ನನ್ನಿಂದ ನಿಮಗ ಏನರ ಆದ್ರ ನಾ ಹ್ಯಾಂಗ ಮುಖ ತೋರಸ್ಲಿ?”

“ಹೇಳಿದ್ದು ಛಲೋ ಮಾಡಿದಿ,” ಎಂದಳು ಅಜ್ಜಿ.

ಅವ್ವ ತಲೆಯೆತ್ತಲಿಲ್ಲ.