ಅರ್ಧ ಮದ್ದು

ಬಂದೂಕಿಗೆ ತುಂಬಲು ಮೈನುದ್ದೀನ ಕಾಡತೂಸಿನ ಕಾಗದವನ್ನು ಹಲ್ಲಿಗೆ ಹಚ್ಚಿದ್ದ. ಅಜ್ಜಪ್ಪ ಅವನ ಮುಂಗೈ ಹಿಡಿದ.

"ತಡಿ ತಮ್ಮಾ. ತೋಳದ ಹಿಂದ ಏನೈತಿ ನೋಡು."

ಇಬ್ಬರೂ ದಿನ್ನೆಯ ಮೇಲೆ ಬೋರಲಾಗಿ ಮಲಗಿದ್ದರು. ಕೆಳಗೆ ಒಣಗಿದ ಹಳ್ಳದಲ್ಲಿ, ಜಾಲಿಯ ನೆರಳಿಗೆ, ತೋಳ ತೂಗಾಡುತ್ತ ನಿಂತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಬೆಳಿಗ್ಗೆ ತಮ್ಮೂರು ಲಕ್ಕಲಕಟ್ಟಿಗೆ ನುಗ್ಗಿ, ಅಜ್ಜಪ್ಪನ ಎಮ್ಮೆ ಕರುವನ್ನೂ ಓಣಿಯ ನಾಯಿಗಳನ್ನೂ ಕಚ್ಚಿ ಬಂದ ಹುಚ್ಚು ತೋಳ ಅದು. ಅದರಾಚೆ ಬಿಳಿಜೋಳದ ಹೊಲ. ಆಳೆತ್ತರದ ಬೆಳೆಯಲ್ಲಿ ಕೊಯ್ಯುವವರು ಕಾಣುತ್ತಿರಲಿಲ್ಲ. ಹೆಂಗಸರ ಮಾತು, ನಗು ಮಾತ್ರ ಕೇಳುತ್ತಿತ್ತು.

"ಓಡಿ ಹೋಗ್ರಿ ಅಂತ ಕೂಗಿ ಹೇಳೂಣೇನು ಕಾಕಾ?"

"ಕೂಗಿದರ ಮೊದಲ ಅವರು ಓಡೂದಿಲ್ಲ, ತೋಳ ಓಡತೈತಿ. ಸೀದಾ ಅವರ ನಡುವ ಹೊಕ್ಕತೈತಿ."

ಮೈನುದ್ದೀನ ತನ್ನ ಬಂದೂಕಿನ ಮೇಲೆ ಕೈಯಾಡಿಸಿದ. ಧಾರವಾಡದ ಕುಂಪಣಿ ಸಾಹೇಬನೊಬ್ಬ ತಾನು ಹಡಗು ಹತ್ತುವ ಮುಂಚೆ, ಬೇಟೆಗೆ ಜೊತೆಯಾಗಿದ್ದ ಇವನಿಗೆಂದು ಕೊಟ್ಟುಹೋದದ್ದು. ಮದ್ದು ಮತ್ತು ಚೂಪು ಮೂತಿಯ ಗುಂಡನ್ನು ಒಂದೇ ಕಾಗದದಲ್ಲಿ ಸುತ್ತಿದ ಕಾಡತೂಸು. ಬತ್ತಿ ಹಚ್ಚುವ ಗೊಡವೆಯಿಲ್ಲ, ಬಡಿದರೆ ಸಿಡಿಯುವ ಕೇಪು ಇಟ್ಟರಾಯಿತು. ಗಜೇಂದ್ರಗಡದ ಗುಡ್ಡದ ಮೇಲಿಂದ ಹೊಡೆದು ಬುಡದಲ್ಲಿದ್ದ ಚಿಗರಿ ಜಿಂಕೆಯನ್ನು ಅವನು ಕೆಡವಿದ್ದನ್ನು ಅಜ್ಜಪ್ಪ ಕಣ್ಣಾರೆ ಕಂಡಿದ್ದ.

"ನನ್ನ ಗುರಿ ತಪ್ಪೂದಿಲ್ಲ ಕಾಕಾ."

"ತಪ್ಪೂದಿಲ್ಲ, ಖರೇ. ಆದರ ಆವತ್ತು ಚಿಗರಿ ಮೈ ಹಾಯ್ದು ಹೋದ ಗುಂಡು ಹಿಂದಿನ ಕಲ್ಲು ಒಡೀತು. ಈ ತೋಳದಾಗ ಏನೈತಿ, ಎಲಬು, ತೊಗಲು. ಹಾಯ್ದು ಹೋಗಿ ಆ ಜ್ವಾಳದಾಗ ಯಾರ ಎದೀಗೆ ನಾಟತೈತೋ!"

ಅಜ್ಜಪ್ಪ ಪಕ್ಕದಲ್ಲಿದ್ದ ತನ್ನ ಬತ್ತಿ ಬಂದೂಕನ್ನು ಎಳೆದುಕೊಂಡ. ಅಪ್ಪನ ಕಾಲದ್ದು, ಒಡೆದ ಮರದ ಹಿಡಿಗೆ ಹಸಿ ತೊಗಲು ಬಿಗಿದಿತ್ತು. ಕೊಂಬಿನಿಂದ ಅಂಗೈಗೆ ಮದ್ದು ಸುರಿದುಕೊಂಡು, ನೋಡಿ, ಅದರಲ್ಲಿ ಅರ್ಧವನ್ನು ಮತ್ತೆ ಕೊಂಬಿಗೆ ಹಾಕಿ, ಉಳಿದದ್ದನ್ನು ನಳಿಗೆಗೆ ಸುರಿದು ಗುಂಡು ಇಳಿಸಿದ.

"ಅಷ್ಟಽ ಏನು?" ಮೈನುದ್ದೀನ ಗಾಬರಿಯಾದ.

"ಅರ್ಧ ಹಾಕಿದರ ದುಂಡು ಗುಂಡು ಮೈಯಾಗ ಉಳೀತೈತಿ. ಹೊರಗ ಬರೂದಿಲ್ಲ."

"ಅರ್ಧ ಮದ್ದಿಗೆ ಎಷ್ಟು ಹತ್ರ ಹೋಗಬೇಕು, ಗೊತ್ತೈತೇನು? ಅದರ ಉಸರು ನಿನ್ನ ಮಾರಿಗೆ ಬಡೀತೈತಿ. ತಪ್ಪಿತು ಅಂದರ ಎರಡನೇದು ತುಂಬಾಕ ಬಿಡತೈತೇನು? ತಾ ಇಲ್ಲಿ. ನನ್ನ ಕಾಲು ಚುರುಕ ಅದಾವು, ನಾ ಹೋಗತೇನಿ."

ಅಜ್ಜಪ್ಪ ಬಂದೂಕು ಕೊಡಲಿಲ್ಲ. ಎಡಗೈಗೆ ಸುತ್ತಿಕೊಂಡಿದ್ದ ರುಮಾಲನ್ನು ಬಿಚ್ಚಿದ. ಮುಳ್ಳು ಗೀರಿರಬೇಕು ಎಂದುಕೊಂಡಿದ್ದ ಮೈನುದ್ದೀನ. ಮೊಣಕೈ ಕೆಳಗೆ ಹಲ್ಲಿನ ಗುರುತುಗಳಿದ್ದವು, ಸುತ್ತ ನೀಲಿಗಟ್ಟಿತ್ತು.

"ಕರಾ ಬಿಡಸಾಕ ಹೋಗಿದ್ದೆ," ಅಂದ ಅಜ್ಜಪ್ಪ. "ಕಡಿಯೂದು ಕಡದಾತು. ಇನ್ನೊಮ್ಮೆ ಕಡದರ ಎರಡು ಸಲ ಸಾಯತೇನೇನು?"

ಬತ್ತಿಗೆ ಕಿಡಿ ತಾಗಿಸಿಕೊಂಡು ಅವನು ದಿನ್ನೆ ಇಳಿದ. ಮರೆಗೆ ಸರಿಯಲಿಲ್ಲ, ಬಗ್ಗಲಿಲ್ಲ. ಹೊಲಕ್ಕೆ ಹೋಗುವವನ ಹಾಗೆ ನಡೆದ. ತೋಳ ತಲೆ ಎತ್ತಿತು. ಅವನು ಮೊಣಕಾಲೂರಿ ಕೂತ. ಅದು ಕಾಲು ಎಳೆಯುತ್ತ ಬಂತು, ಆಮೇಲೆ ಓಡಿ ಬಂತು. ಅಜ್ಜಪ್ಪ ಇನ್ನೂ ಕಾಯುತ್ತಿದ್ದ. ಮೈನುದ್ದೀನ ತಡೆಯಲಾರದೆ ಕಣ್ಣು ಮುಚ್ಚಿದ. ತುಂಬಿದ ಚೀಲಕ್ಕೆ ಕೋಲಿನಿಂದ ಬಡಿದಂಥ ಸಪ್ಪಳದೊಂದಿಗೆ ಬಂದೂಕು ಹಾರಿತು. ಕಣ್ಣು ತೆರೆದಾಗ ತೋಳ ಅಜ್ಜಪ್ಪನ ತೊಡೆಯ ಮೇಲೆ ಅಡ್ಡ ಸತ್ತು ಬಿದ್ದಿತ್ತು. ಜೋಳದೊಳಗೆ ನಗು ನಿಂತಿತು. "ಯಾರದು?" ಎಂದು ಒಬ್ಬಳು ಕೂಗಿದಳು. ತುಸು ಹೊತ್ತಿಗೆ ಕುಡುಗೋಲುಗಳು ಮತ್ತೆ ಆಡತೊಡಗಿದವು.

ಊರಿಗೆ ಬಂದ ಮೇಲೆ ಮೈನುದ್ದೀನ ಕಾಯಿಸಿದ ಕಬ್ಬಿಣದಿಂದ ಅಜ್ಜಪ್ಪನ ಗಾಯ ಸುಟ್ಟ. ಅಜ್ಜಪ್ಪ ಮನೆಯ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ನಿಂತೇ ಹೆಂಡತಿ ಕಳಕವ್ವನಿಗೆ ಎಲ್ಲ ಹೇಳಿದ.

"ಹೊಲದ ಗುಡಿಸಲದಾಗ ಇರತೇನಿ. ಹೊರಗಿಂದ ಚಿಲಕ ಹಾಕು."

"ನಾನಾ?"

"ನೀನಽ. ಬ್ಯಾರೆಯವರು ಹಾಕಿದರ ನನಗ ಸಿಟ್ಟು ಬರತೈತಿ."

ಆ ಬೇನೆ ಏರಿದವನಿಗೆ ಮೊದಲು ನೀರಿನ ಅಂಜಿಕೆ ಹುಟ್ಟುತ್ತದೆಂಬುದು ಊರಿಗೆಲ್ಲ ಗೊತ್ತಿತ್ತು. ಕಳಕವ್ವ ದಿನಾ ಬೆಳಿಗ್ಗೆ ತಂಬಿಗೆ ತುಂಬ ನೀರು ಒಯ್ದು ಕಿಂಡಿಯಿಂದ ಒಳಗೆ ಕೊಡುತ್ತಿದ್ದಳು. ಕೊನೆಯ ಗುಟುಕು ಅವನ ಗಂಟಲಲ್ಲಿ ಇಳಿಯುವತನಕ ಕಣ್ಣು ಕೀಳುತ್ತಿರಲಿಲ್ಲ. ಖಾಲಿ ತಂಬಿಗೆ ಕೊಟ್ಟು ಅಜ್ಜಪ್ಪ, "ಹೋಗು, ಚಲೋ ಅದೇನಿ" ಅನ್ನುತ್ತಿದ್ದ. ಜೋಳದ ಕೊಯ್ಲು ಮುಗಿಯಿತು, ರಾಶಿಯಾಯಿತು. ಯುಗಾದಿಯ ಬೇವು ತಿಂದದ್ದೂ ಆಯಿತು. ಸುಟ್ಟ ಗಾಯ ಮಾಯ್ದಿತ್ತು. "ಇನ್ನ ಅಂಜಬ್ಯಾಡ ಕಾಕೀ," ಎಂದು ಮೈನುದ್ದೀನ ಹೇಳಿದ. "ನಾಳೆ ಚಿಲಕ ತಗದುಬಿಡು."

ಮರುದಿನ ಅವಳು ಬಿಸಿ ರೊಟ್ಟಿಯನ್ನೂ ಕಟ್ಟಿಕೊಂಡು ಹೊರಟಳು. ಬದುವಿನ ಹತ್ತಿರ ಬರುವಷ್ಟರಲ್ಲೇ ಗುಡಿಸಲಿನೊಳಗಿಂದ ಗಂಡನ ದನಿ ಕೇಳಿತು. ಅವನು ಪ್ರತಿ ಮಾತನ್ನೂ ಕಷ್ಟಪಟ್ಟು ನುಂಗಿ ನುಂಗಿ ಆಡುತ್ತಿದ್ದ.

"ಅಲ್ಲೇ ನಿಂದ್ರು, ಕಳಕೀ. ತಂಬಿಗಿ ಅಳ್ಳಾಡಸಬ್ಯಾಡ. ನೀರಿನ ಸಪ್ಪಳ ಕೇಳಸಾಕ ಹತ್ತೇತಿ."

ಕಳಕವ್ವ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿದಳು. ಅದನ್ನು ಎದೆಗೆ ಒತ್ತಿ ಹಿಡಿದು, ಒಂದು ಹನಿಯೂ ತುಳುಕದ ಹಾಗೆ, ಗುಡಿಸಲಿಗೆ ಬೆನ್ನು ತಿರುಗಿಸದೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡತೊಡಗಿದಳು.