ಮುಷ್ಟಿಯ ಅಳತೆ

"ದೇವದಾಸ, ಬಲಗೈ ಚಾಚಿ," ಎಂದರು ಯಜ್ಞನಾರಾಯಣ ಭಟ್ಟರು. ಅವರ ಕೈಯಲ್ಲಿ ತೆಂಗಿನ ಗರಿಯ ಕಡ್ಡಿಯೊಂದಿತ್ತು. ಹೋಮಕುಂಡದ ಅಳತೆ ಹೋಮಕ್ಕೆ ಕೂರುವ ಯಜಮಾನನ ಕೈಯದೇ ಆಗಬೇಕು, ಮೊಣಕೈಯಿಂದ ಕಿರುಬೆರಳ ತುದಿಯವರೆಗೆ.

ದೇವದಾಸ ಶಾಲಿನೊಳಗಿಂದ ಕೈ ತೆಗೆಯಲಿಲ್ಲ. ದೋಹಾದ ಯಂತ್ರವೊಂದು ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತಿಂದು ಎಂಟು ತಿಂಗಳಾಗಿತ್ತು. ಎರ್ಮಾಳಿನ ಈ ಹೊಸ ಮನೆಯ ಒಂದೊಂದು ಕಲ್ಲೂ ಆ ಕೈಯ ದುಡಿಮೆ. ಮನೆ ಒಕ್ಕಲಿನ ಹೋಮಕ್ಕೆ ತಾನೇ ಕೂರಬೇಕೆಂಬ ಆಸೆಯಿಂದಲೇ ಅವನು ಊರಿಗೆ ಬಂದಿದ್ದ.

ಸೋದರಮಾವ ವಿಠಲ ಮುಂದೆ ಬಂದರು. "ಭಟ್ರೇ, ನನ್ನ ಕೈ ಅಳೆಯಿರಿ, ನಾನು ಕೂರುತ್ತೇನೆ. ಬೆರಳಿಲ್ಲದ ಕೈಯಲ್ಲಿ ಹೋಮ ಮಾಡಿ ನಾಳೆ ಮನೆಗೆ ಎಂತಾದರೂ ಆದರೆ?"

ಮಾವ ಕೆಟ್ಟವರಲ್ಲ, ಹೆದರಿದವರು. ಆದರೂ ಬಾಗಿಲಲ್ಲಿ ನಿಂತಿದ್ದ ತಾಯಿ ಕುಶಲಾ ಮುಖ ತಿರುಗಿಸಿದರು.

"ಆಗಲಿ ಮಾವ, ನೀವೇ ಕೂತುಕೊಳ್ಳಿ," ಎಂದ ದೇವದಾಸ.

ಕುಂಡದ ವಿಷಯದಲ್ಲಿ ಭಟ್ಟರು ಮಹಾ ಹಠಮಾರಿ. ಇಟ್ಟಿಗೆಯನ್ನೂ ತಟ್ಟಿ, ಸದ್ದು ಕೇಳಿ ಆರಿಸುವ ಮನುಷ್ಯ. ಒಂದು ನೂಲು ಹೆಚ್ಚುಕಡಿಮೆಯಾದರೂ ಕೆಡವಿ ಮತ್ತೆ ಕಟ್ಟುವವರು. ಇಂಥವರು ಅಳತೆ ಬಿಟ್ಟುಕೊಟ್ಟಾರೆಂದು ಅಲ್ಲಿ ಯಾರಿಗೂ ಅನಿಸಲಿಲ್ಲ.

"ಆಹುತಿ ಎಷ್ಟು ಅಂತ ಮಾತಾಗಿತ್ತು?" ಎಂದು ಕೇಳಿದರು ಭಟ್ಟರು.

"ನೂರು," ಎಂದರು ಮಾವ.

"ನೂರಕ್ಕೆ ಬೆರಳು ಚಾಚಿದ ಅಳತೆ. ಐವತ್ತಕ್ಕೆ ಮುಷ್ಟಿ ಹಿಡಿದ ಅಳತೆ. ಎರಡೂ ಶಾಸ್ತ್ರದಲ್ಲಿ ಉಂಟು. ಇವತ್ತು ಐವತ್ತು ಮಾಡುವ. ದೇವದಾಸ, ಮುಷ್ಟಿ ಹಿಡಿಯಿರಿ ಮಾರಾಯ್ರೇ, ಹೊತ್ತಾಯಿತು."

"ಆದರೆ ದೋಷ..."

"ಬಂದರೆ ನನಗೆ ಬರಲಿ ವಿಠಲರೇ. ಆ ಇಟ್ಟಿಗೆ ಇತ್ತ ಕೊಡಿ."

ದೇವದಾಸ ಕೈ ಹೊರತೆಗೆದು ಮುಷ್ಟಿ ಹಿಡಿದ. ಒಳಗೆ ಬೆರಳೆಷ್ಟು ಎಂದು ಕಡ್ಡಿ ಕೇಳಲಿಲ್ಲ. ಭಟ್ಟರು ಅಳೆದು ಕಡ್ಡಿಯನ್ನು ಅಷ್ಟಕ್ಕೇ ಮುರಿದರು, ಮರಳು ಹಾಸಿದರು, ಇಟ್ಟಿಗೆ ಜೋಡಿಸಿದರು, ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದರು. ಎರಡು ಕಡೆಯಿಂದಲೂ ಒಂದೇ ಉದ್ದ. ಏನು ಕೈಚಳಕ! ಇಟ್ಟಿಗೆ ಕೊಡುತ್ತಾ ಕೊಡುತ್ತಾ ಮಾವನೂ ದೋಷದ ಮಾತು ಬಿಟ್ಟು ಆ ಕೆಲಸವನ್ನೇ ನೋಡತೊಡಗಿದ್ದರು.

ಬೆಂಕಿ ಹೊತ್ತಿತು. ಮಣೆಯ ಮೇಲೆ ಕುಳಿತ ದೇವದಾಸನ ಮುಷ್ಟಿ ಇನ್ನೂ ಬಿಗಿದೇ ಇತ್ತು. ಭಟ್ಟರು ತುಪ್ಪದ ಸೌಟನ್ನು ಅವನತ್ತ ಚಾಚಿದರು.

"ಕೈ ಬಿಡಿಸಿ. ಅಳೆದು ಆಯಿತು."